ಎಲ್ ನಿನೋ, ಎಲ್ಲಿ ನೀನೋ?

ಗಿಣಿಗೇರಾದ ರೈಲ್ವೆ ಗೇಟು ಬಿದ್ದಿತ್ತು. ಬಿಸಿಲಿಗೆ ಕಾಯ್ದ ಟಂಟಂ ಆಟೊ ಒಳಗೆ ಕೂತು ನಾನು ಚಡಪಡಿಸುತ್ತಿದ್ದೆ. ಮರಳಿ ಎಂಬ ಊರಲ್ಲಿ ರೈತರ ಮುಂದೆ ಹವಾಮಾನದ ಬಗ್ಗೆ ಮಾತಾಡಬೇಕಿತ್ತು. ಈ ಧಗೆಗೆಲ್ಲ ಎಲ್ ನಿನೋ ಕಾರಣ ಎಂದು ಭಾಷಣ ಬರೆದುಕೊಂಡಿದ್ದೆ. ಅಷ್ಟರಲ್ಲಿ ಆಫೀಸಿನ ಗೆಳೆಯ ಫೋನ್ ಮಾಡಿ, ಅದು ಯಾವಾಗಲೋ ಮುಗಿದುಹೋಗಿದೆ ಎಂದ. ಸಿಗ್ನಲ್ ಸರಿ ಇರಲಿಲ್ಲ. "ಎಲ್ ನಿನೋ? ಎಲ್ ನಿನೋ?" ಎಂದು ಒದರಿದೆ. ಕಟ್ಟಾಯಿತು.

ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಹಿಡಿದು ಕೂತಿದ್ದ ಹೆಣ್ಣುಮಗಳು ಕೇಳಿದಳು: "ಎಲ್ಲಿ ನೀನೋ, ಎಲ್ಲಿ ನೀನೋ ಅಂತ ಒಂದಸವನ ಕೇಳಾಕತ್ತೀರಲ್ರಿ ಸರ, ಎಲ್ಲಿ ಅದಾನಂತ?"

"ಮನಷ್ಯಾ ಅಲ್ಲ ಯವ್ವಾ, ಅದು ಸಮುದ್ರದ ಬಿಸಿ. ಕೆಲವು ವರ್ಷಕ್ಕೊಮ್ಮೆ ನೀರು ಕಾಯತೈತಿ, ಜಗತ್ತಿಗೆಲ್ಲ ಧಗಿ ಏರತೈತಿ. ಆಮ್ಯಾಲೆ ಹೋಗತೈತಿ."

"ಈಗ?"

"ಈಗ ಹೋಗೈತಿ."

ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹಂಗಾದ್ರ ಈ ಧಗಿ ಯಾರದ್ರಿ?"

ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಹೊಗೆ ನಮ್ಮ ಮೂಗಿಗೇ ಬರುತ್ತಿತ್ತು. "ಇದು ನಮ್ದು," ಅಂದೆ. "ನಾವು ಬಿಟ್ಟ ಹೊಗಿ ಮ್ಯಾಲ ಕೂಡಿ, ಧಗಿ ಹೊರಗ ಹೋಗಗೊಡವಲ್ದು."

"ಅಂದ್ರ ಬೀಗರು ಹೋಗ್ಯಾರ, ಮನಿಯವರ ಗದ್ಲ ಹಂಗ ಐತಿ ಅನ್ರಿ."

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಹೊಸದು ಯೋಚಿಸುವಷ್ಟರಲ್ಲಿ ಮತ್ತೆ ಫೋನು. ಮರಳಿಯಿಂದ ನಮ್ಮ ಸಾಹೇಬರು, ಇಡೀ ಟಂಟಂಗೆ ಕೇಳುವಂತೆ: "ಎಲ್ಲಿ ಅದೀಯೋ ನೀನು?"

ಆಕೆ ಬುಟ್ಟಿ ಸರಿಸಿ ನಕ್ಕಳು. "ತಗೋರಿ, ಈಗ ಸಮುದ್ರನ ನಿಮ್ಮನ್ನ ಹುಡಕಾಕತ್ತೈತಿ."