ರಾಕ್ಷಸರಿಗೆ ಹೆಸರಿಟ್ಟ ಅತ್ತೆ

ಅತ್ತೆ ನಗುವಾಗ ಸದ್ದು ಬರುತ್ತಿರಲಿಲ್ಲ. ಮೊದಲು ಹೊಟ್ಟೆ ಕುಣಿಯುತ್ತಿತ್ತು, ಆಮೇಲೆ ಭುಜಗಳು, ಕೊನೆಗೆ ಮೂಗಿನ ಎರಡೂ ಬದಿಯ ಮೂಗುತಿಗಳು. ಕಣ್ಣಿನಿಂದ ನೀರು ಇಳಿಯುವಾಗ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ ಹೊಟ್ಟೆನೋವು ಬಂತೋ ಏನೋ ಎಂದು ನೀರು ತರಲು ಓಡಬೇಕು, ಹಾಗೆ.

ಆದರೆ ಮದುವೆಯಾಗಿ ಬಂದ ಹೊಸತರಲ್ಲಿ ಈ ನಗು ನನಗೆ ಕಾಣಸಿಕ್ಕಿರಲಿಲ್ಲ. ಕಾರ್ಕಳದಿಂದ ಉಡುಪಿಯ ಆ ಓಣಿಯ ಮನೆಗೆ ಬಂದಾಗ ನಾನು ಕಂಡದ್ದು ಗಂಟುಮೋರೆಯ ಒಬ್ಬ ಹೆಂಗಸನ್ನು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಇದ್ದ ಒಬ್ಬನೇ ಮಗ, ಅಂದರೆ ನಮ್ಮವರು, ಬೆಳಿಗ್ಗೆ ಬಸ್ಸು ಹಿಡಿದು ಮಣಿಪಾಲದ ಕಾಲೇಜಿನ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಉಳಿದ ಹೊತ್ತೆಲ್ಲ ನಾನು ಮತ್ತು ಅತ್ತೆ. ನಾನು ರುಬ್ಬುವ ಸದ್ದು ಕೇಳಿಯೇ ಜಗಲಿಯಿಂದ "ನೀರು ಹೆಚ್ಚಾಯ್ತು" ಎನ್ನುತ್ತಿದ್ದರು. "ಸೌಟು ಹಾಗೆ ಇಡುದಲ್ಲ." "ಬಾಗಿಲು ಹಾಗೆ ಹಾಕುದಲ್ಲ." ಅಯ್ಯೋ ದೇವರೇ, ಹಾಗಾದರೆ ಹೇಗೆ ಎಂದು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಆ ಮನೆಯ ಬೆಕ್ಕು ಕೂಡ ಅವರ ಮುಖ ನೋಡಿಕೊಂಡೇ ಹೊಸ್ತಿಲು ದಾಟುತ್ತಿತ್ತು.

ನಾನು ಬಸುರಿಯಾದೆ. ಸೀಮಂತವೂ ಮುಗಿಯಿತು. ಇನ್ನು ತವರಿಗೆ ಹೋಗಬೇಕು ಎನ್ನುವಷ್ಟರಲ್ಲಿ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು. ಮಣಿಪಾಲದ ಆಸ್ಪತ್ರೆಗೆ ಒಯ್ದರು. ಜೀವವಿಲ್ಲದ ಮಗು ಹುಟ್ಟಿತು. ಹೆಣ್ಣು ಎಂದಷ್ಟೇ ನನಗೆ ತಿಳಿಸಿದರು. ನೋಡಿದರೆ ಮರೆಯುವುದು ಕಷ್ಟ ಎಂದು ಹಿರಿಯರು ತೀರ್ಮಾನ ಮಾಡಿ, ನಾನು ಎಚ್ಚರಾಗುವ ಮೊದಲೇ ಕೊಂಡುಹೋಗಿದ್ದರು.

ಅದಾದ ಮೇಲೆ ಯಾರೂ ಆ ಸುದ್ದಿ ಎತ್ತಲಿಲ್ಲ. ಹೆಸರಿಡದ ಮಗುವಿಗೆ ತಿಥಿಯಿಲ್ಲ, ಶ್ರಾದ್ಧವಿಲ್ಲ, ಹಾಗಾಗಿ ಲೆಕ್ಕಕ್ಕೂ ಇಲ್ಲ. "ಪ್ರಾಯ ಉಂಟಲ್ಲ, ಇನ್ನೊಂದು ಆದೀತು" ಎಂದು ನೆಂಟರು ಕಾಫಿ ಕುಡಿದು ಹೋದರು. ನಮ್ಮವರು ಒಳ್ಳೆಯವರೇ, ಆದರೆ ಅವರಿಗೆ ಮಾತು ಬರುತ್ತಿರಲಿಲ್ಲ. ಆಫೀಸಿನಿಂದ ಬಂದು ನನ್ನ ಮುಖ ನೋಡಿ ಬಾವಿಕಟ್ಟೆಗೆ ಹೋಗಿ ಸುಮ್ಮನೆ ನೀರು ಸೇದುತ್ತಿದ್ದರು. ತವರಿನಲ್ಲಿ ಸ್ವಲ್ಪ ದಿನ ಇದ್ದು ವಾಪಸು ಬಂದ ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ತಲೆ ಬಾಚುವುದನ್ನೂ ಬಿಟ್ಟೆ. ಬದುಕಬೇಕು ಅಂತಲೇ ಅನಿಸುತ್ತಿರಲಿಲ್ಲ ನನಗೆ, ಇದನ್ನು ಮುಚ್ಚಿಟ್ಟು ಈಗ ಏನು ಪ್ರಯೋಜನ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಒಳ್ಳೆ ಸೀರೆ ಉಟ್ಟುಕೊ. ಮಠಕ್ಕೆ ಹೋಗಿ ಬರುವ" ಎಂದರು. ಹೋದೆವು. ದೇವರ ದರ್ಶನ ಆಯಿತು, ಪ್ರಸಾದ ಬುಟ್ಟಿಗೆ ಬಿತ್ತು. ರಥಬೀದಿಯಿಂದ ಹೊರಗೆ ಬಂದವರು ಮನೆಯ ದಾರಿ ಬಿಟ್ಟು ಬೇರೆ ಕಡೆಗೆ ಸರಸರ ನಡೆದರು. ಹಿಂದೆ ಹೋದರೆ, ಸಿನಿಮಾ ಥಿಯೇಟರು! ಗೇಟಿನವನು ಅತ್ತೆಯನ್ನು ನೋಡಿದ್ದೇ ಹಲ್ಲುಕಿರಿದು, "ಬನ್ನಿ ಅಮ್ಮ, ಇವತ್ತು ದೊಡ್ಡದು ಉಂಟು. ನೀರಿನಿಂದ ಬರುವಂಥದ್ದು" ಎಂದ. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಆ ಕಾಲದಲ್ಲಿ ಭಾನುವಾರದ ಮಾರ್ನಿಂಗ್ ಶೋಗೆ ಹಳೆಯ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ನಿಜವಾಗಿ ಅವು ಇಟಲಿಯಲ್ಲಿ ತೆಗೆದವಂತೆ, ಇಂಗ್ಲಿಷು ಆಮೇಲೆ ಅಂಟಿಸಿದ್ದು. ಮೈಗೆಲ್ಲ ಎಣ್ಣೆ ಬಳಿದುಕೊಂಡ, ಮೊಣಕಾಲು ಮುಚ್ಚದ ಬಟ್ಟೆಯ ಒಬ್ಬ ಪೈಲ್ವಾನ, ಕಾಲಿಗೆ ಪಟ್ಟಿ ಕಟ್ಟಿದ ಚಪ್ಪಲಿ, ಕೈಯಲ್ಲಿ ಖಡ್ಗ, ಎದುರಿಗೆ ಒಂದು ಭಯಂಕರ ಪ್ರಾಣಿ. ಮಣಿಪಾಲದ ಹಾಸ್ಟೆಲು ಹುಡುಗರು ಗುಂಪು ಗುಂಪಾಗಿ ಬಂದು ಸೀಟಿ ಹೊಡೆಯುತ್ತಿದ್ದರು. ಅತ್ತೆ ಮೊದಲ ಸಲ ಹೋದದ್ದು ಪೋಸ್ಟರಿನ ಗದೆ, ರಾಕ್ಷಸ ನೋಡಿ ಯಾವುದೋ ಪುರಾಣದ ಚಿತ್ರ ಎಂದುಕೊಂಡು! ಒಳಗೆ ಕೂತ ಮೇಲೆ ತಪ್ಪು ಗೊತ್ತಾಯಿತಂತೆ. "ಆದರೆ ಎದ್ದು ಬರುವ ಮನಸ್ಸಾಗಲಿಲ್ಲ ಮಾರಾಯ್ತಿ" ಎಂದು ಮುಂದೊಂದು ದಿನ ನನ್ನಲ್ಲಿ ಹೇಳಿದರು. ಮಠಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದರಲ್ಲ, ಅದು ಸುಳ್ಳಾಗಬಾರದೆಂದು ಪ್ರತಿ ಸಲವೂ ಮೊದಲು ಮಠ, ಆಮೇಲೆ ಸಿನಿಮಾ.

ಆ ದಿನದ ಸಿನಿಮಾದ ಕಥೆ ಕೇಳಬೇಡಿ. ರಾಣಿಯೊಬ್ಬಳು ಏನೋ ಹೇಳುತ್ತಿದ್ದಳು, ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತಿತ್ತು. ಅರಮನೆಯ ಕಂಬ ಯಾರೂ ಮುಟ್ಟುವ ಮೊದಲೇ ಅಲುಗಾಡುತ್ತಿತ್ತು. ಪೈಲ್ವಾನ ಮುಕ್ಕಿರಿದು ಎತ್ತಿ ಎಸೆದ ಬಂಡೆ ನೆಲಕ್ಕೆ ಬಿದ್ದು ಚೆಂಡಿನಂತೆ ಪುಟಿಯಿತು. ನಾನು ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ, ಮಡಿಲಲ್ಲಿ ಕೈಯಿಟ್ಟು ಕೂತಿದ್ದೆ. ಅಷ್ಟರಲ್ಲಿ ಕೆರೆಯಿಂದ ಆ ಪ್ರಾಣಿ ಎದ್ದಿತು. ಮನೆಯಷ್ಟು ದೊಡ್ಡ ಹಲ್ಲಿ. ಗುರ್ರೆನ್ನುತ್ತ ಒಂದು ಸುತ್ತು ತಿರುಗಿದಾಗ ಅದರ ಬೆನ್ನಿನ ಹೊಲಿಗೆ ಬಿಟ್ಟು ಒಳಗಿದ್ದವನ ಬಿಳಿ ಬನಿಯನು ಕಂಡಿತು.

"ಅಯ್ಯೋ, ಹಿಂದೆ ಬಿಚ್ಚಿದೆ! ಯಾರಾದರೂ ಹೇಳಿಯಪ್ಪ ಅವನಿಗೆ" ಎಂದರು ಅತ್ತೆ, ಇಡೀ ಥಿಯೇಟರಿಗೆ ಕೇಳುವ ಹಾಗೆ.

ನನಗೆ ನಗು ಬಂತು. ಎಲ್ಲಿತ್ತೋ ಏನೋ, ತಡೆಯಲಿಕ್ಕೇ ಆಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಅತ್ತೆಯ ಹೊಟ್ಟೆ ಕುಣಿಯುತ್ತಿದೆ, ಸೆರಗು ಬಾಯಲ್ಲಿದೆ. ಅವರು ನಗುವುದನ್ನು ನೋಡಿ ನನಗೆ ಇನ್ನಷ್ಟು ನಗು. ನಗುತ್ತ ನಗುತ್ತ ಯಾವಾಗ ಅಳು ಶುರುವಾಯಿತೋ ಗೊತ್ತಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅತ್ತೆ ಸಮಾಧಾನ ಹೇಳಲಿಲ್ಲ, ಕಣ್ಣು ಒರೆಸಲಿಲ್ಲ. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಸಿನಿಮಾ ಮುಗಿಯುವವರೆಗೂ ಪರದೆಯನ್ನೇ ನೋಡುತ್ತಿದ್ದರು.

ಪೈಲ್ವಾನ ಹಲ್ಲಿಯನ್ನು ಕೊಂದ. ಹುಡುಗರು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ "ಪಾಪ, ಸುಬ್ಬ" ಎಂದರು.

"ಯಾರು ಸುಬ್ಬ?" ಎಂದೆ. ಎಷ್ಟೋ ದಿನಗಳ ಮೇಲೆ ನಾನಾಗಿ ಆಡಿದ ಮಾತು ಅದು.

"ಅದೇ, ಹಲ್ಲಿ. ಇವನಿಗೆ ಹೆಸರುಂಟು, ರಾಣಿಗೆ ಹೆಸರುಂಟು, ಕುದುರೆಗೂ ಉಂಟು. ಅದಕ್ಕೆ ಮಾತ್ರ ಯಾರೂ ಇಟ್ಟಿಲ್ಲ. ಅದರ ಕೆರೆಗೆ ಇವನೇ ಹೋಗಿ ಇಳಿದದ್ದಲ್ವಾ? ಹೆಸರಿಲ್ಲದೆ ಕಳಿಸುದು ಸರಿಯಲ್ಲ."

ಹೊರಗೆ ಬಿಸಿಲು. ಮಾರ್ಕೆಟ್ಟಿನಲ್ಲಿ ಮಟ್ಟುಗುಳ್ಳ ಬಂದಿತ್ತು. ಅತ್ತೆ ಬದನೆಗಳನ್ನು ಒತ್ತಿ ಒತ್ತಿ ಆರಿಸುತ್ತ, ಅವುಗಳ ಮೇಲಿನ ಕಣ್ಣು ತೆಗೆಯದೆ ಕೇಳಿದರು: "ನೀನು ಎಂತ ಹೆಸರು ಇಡಬೇಕೂಂತ ಇದ್ದದ್ದು?"

ನನಗೆ ತಕ್ಷಣ ಅರ್ಥವಾಯಿತು. ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮವರಲ್ಲೂ ಹೇಳಿರಲಿಲ್ಲ. ಮಗು ಹುಟ್ಟುವ ಮೊದಲು ಹೆಸರು ಆಡಬಾರದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಅತ್ತೆಯ ಕಿವಿಯ ಹತ್ತಿರ ಬಾಗಿ ಹೇಳಿದೆ.

ಅವರು ಒಮ್ಮೆ ಆ ಹೆಸರನ್ನು ಬಾಯಲ್ಲಿ ಆಡಿ ನೋಡಿದರು. "ಚಂದ ಉಂಟು" ಎಂದರು. ಬದನೆ ಬುಟ್ಟಿಗೆ ಹಾಕಿಕೊಂಡು ನಡೆಯುತ್ತ, "ನಾನು ಎತ್ತಿಕೊಂಡಿದ್ದೆ ಅವಳನ್ನು. ತಲೆತುಂಬ ಕೂದಲು. ಗಲ್ಲದಲ್ಲಿ ನಿನ್ನ ಹಾಗೇ ಗುಳಿ. ನಿನಗೆ ತೋರಿಸಿ ಅಂತ ಹೇಳಿದೆ, ನನ್ನ ಮಾತು ನಡೆಯಲಿಲ್ಲ" ಎಂದರು. ಆ ಬೀದಿಯ ನಡುವೆ ನನ್ನ ಮಗುವಿಗೆ ಒಂದು ಮುಖ ಬಂತು. ಮನೆಗೆ ಹೋಗಿ ನಾನು ತಲೆ ಬಾಚಿದೆ, ಗುಳ್ಳದ ಹುಳಿ ಮಾಡಿದೆ, ಎರಡು ಸಲ ಬಡಿಸಿಕೊಂಡು ಉಂಡೆ.

ಆಮೇಲೆ ಶುರುವಾಯಿತು ನೋಡಿ ನಮ್ಮ ತೀರ್ಥಯಾತ್ರೆ. ಅಂಥ ಸಿನಿಮಾ ಬಂದ ಭಾನುವಾರವೆಲ್ಲ ಮಠ, ಆಮೇಲೆ ಥಿಯೇಟರು. ಒಮ್ಮೆ ಅತ್ತೆಯ ತವರು ಕಾಪುವಿಗೆ ಹೋದಾಗ ಅಲ್ಲಿನ ಟೆಂಟಿನಲ್ಲೂ ನೋಡಿದೆವು. ಕಡಲಿನಿಂದ ರಾಕ್ಷಸ ಏಳುವ ಸಿನಿಮಾ. ಕಡಲದಂಡೆಯ ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದ ಹೆಂಗಸು ಸುಮ್ಮನೆ ಬಿಟ್ಟಾರೆಯೇ? "ಇದೆಂತ ಸಮುದ್ರ? ಬಚ್ಚಲಿನ ನೀರು ಕಲಕಿದ ಹಾಗೆ ಉಂಟು" ಎಂದುಬಿಟ್ಟರು.

ಎಲ್ಲ ಸಿನಿಮಾಗಳ ಪೈಲ್ವಾನನೂ ಒಬ್ಬನೇ, ಎಲ್ಲವೂ ಒಂದೇ ಕಥೆಯ ಮುಂದಿನ ಭಾಗ ಎಂದು ಅವರ ಗಟ್ಟಿ ನಂಬಿಕೆ. ಮುಖ ಬೇರೆ ಉಂಟಲ್ಲ ಅತ್ತೆ ಎಂದರೆ, "ಬಿಸಿಲಿಗೆ ತಿರುಗಿ ಹಾಗಾಗಿದ್ದಾನೆ" ಎನ್ನುತ್ತಿದ್ದರು. ಗುಹೆ ಮಾತ್ರ ನಿಜವಾಗಿಯೂ ಅದೇ ಗುಹೆ. ಬಾಯಿ ಮೊದಲು ಆಡಿ ಮಾತು ಆಮೇಲೆ ಬರುವುದಕ್ಕೂ ಅವರಲ್ಲಿ ಕಾರಣವಿತ್ತು: "ಯೋಚನೆ ಮಾಡಿ ಮಾತನಾಡುವ ಜನ." ನನಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ಆದರೆ ಅತ್ತೆ ಹೇಳುವ ಕಥೆಯೇ ಚೆನ್ನಾಗಿರುತ್ತಿದ್ದುದರಿಂದ ನಾನು ತಿದ್ದಲು ಹೋಗುತ್ತಿರಲಿಲ್ಲ. ಕಾರ್ಕಳದವಳಾದ ನನ್ನನ್ನು ಕೆಣಕಲೂ ಇದೇ ಪೈಲ್ವಾನ ಬೇಕು. "ಮೈಕಟ್ಟು ನೋಡಿದರೆ ನಿಮ್ಮ ಊರಿನ ಬೆಟ್ಟದ ಮೇಲೆ ನಿಂತವರ ನೆನಪಾಗ್ತದೆ. ಆದರೆ ಅವರು ಎಲ್ಲ ಬಿಟ್ಟು ನಿಂತವರು. ಇವನು ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಓಡುವವ."

ಇಟಲಿ ಎಂದರೆ ಪೋಪರಿರುವ ದೇಶ ಎಂದು ನಾನೇ ಹೇಳಿ ಕೆಟ್ಟೆ. ಮರುದಿನವೇ ಅತ್ತೆ ಪಾಗಾರದಾಚೆಯ ಮನೆಯ ಕ್ರಿಶ್ಚಿಯನ್ ಬಾಯಮ್ಮನನ್ನು ಕರೆದು, "ನಿಮ್ಮ ಪೋಪರ ಊರಿನಲ್ಲಿ ಇಷ್ಟಿಷ್ಟು ದೊಡ್ಡ ಹಲ್ಲಿಗಳು ಉಂಟಾ?" ಎಂದು ಕೈಯಗಲಿಸಿ ಕೇಳಿದರು. ಬಾಯಮ್ಮ ಕಕ್ಕಾಬಿಕ್ಕಿ. "ಇಲ್ಲ ಅಮ್ಮ, ಅಲ್ಲಿ ಇರುವುದೆಲ್ಲ ಸಂತರು" ಎಂದರು. ಅತ್ತೆಗೆ ಬಹಳ ನಿರಾಶೆಯಾಯಿತು.

ಸತ್ತ ರಾಕ್ಷಸರಿಗೆಲ್ಲ ಹೆಸರಿಡುವುದನ್ನು ಮಾತ್ರ ಅವರು ಬಿಡಲಿಲ್ಲ. ರೆಕ್ಕೆ ಹರಿದ ಹಕ್ಕಿ ಗಿರಿಜೆ. ತಂತಿ ಹಿಡಿದು ಎಳೆದಾಗ ಮಾತ್ರ ತಲೆ ಎತ್ತುವ ಮೂರು ತಲೆಯ ನಾಯಿ ತಿಮ್ಮ. ನಾವಿಬ್ಬರೇ ಇದ್ದಾಗ, ಯಾವುದೋ ಕೆಲಸದ ನಡುವೆ, ನನ್ನ ಮಗಳ ಹೆಸರೂ ಅವರ ಬಾಯಲ್ಲಿ ಬರುತ್ತಿತ್ತು. "ಇದ್ದಿದ್ದರೆ ಈ ವರ್ಷ ಶಾಲೆಗೆ ಹಾಕಬಹುದಿತ್ತು." ಅಷ್ಟೇ, ಮತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ನನಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ಅವರಿಗೆ ನಾನು ಹೇಳಿದವಳೇ ಅಲ್ಲ. ಹೇಳಿದ್ದರೆ "ಸಾಕು ಸಾಕು" ಎನ್ನುತ್ತಿದ್ದರು.

ಮುಂದೆ ನನಗೆ ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಅವರು ಬೆಳೆಯುವ ಹೊತ್ತಿಗೆ ಮನೆಮನೆಗೆ ಟಿ.ವಿ. ಬಂತು, ಆ ಸಿನಿಮಾಗಳು ಬರುವುದು ನಿಂತಿತು.

ಎಂಬತ್ತರ ದಶಕದ ಕೊನೆಗೆ ಅತ್ತೆ ಬಾವಿಕಟ್ಟೆಯ ಹತ್ತಿರ ಕುಸಿದುಬಿದ್ದರು. ಎಡಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಒಂದು ಬೆಳಿಗ್ಗೆ ಉತ್ತರ ಭಾರತದ ಕಡೆಯ ಎಳೆಯ ಡಾಕ್ಟರೊಬ್ಬರು ಬಂದು, ಕಲಿತ ಕನ್ನಡದಲ್ಲಿ ಅವರ ನೆನಪು ಪರೀಕ್ಷೆ ಮಾಡಿದರು. ಯಾವ ಊರು? ಇವರು ಯಾರು? ಎಲ್ಲದಕ್ಕೂ ಸರಿಯಾಗಿ ಉತ್ತರ ಬಂತು.

"ಅಜ್ಜಿ, ಮೊಮ್ಮಕ್ಕಳು ಎಷ್ಟು ಜನ?"

"ಮೂರು" ಎಂದರು ಅತ್ತೆ.

"ಎರಡು, ಅಮ್ಮ" ಎಂದರು ನಮ್ಮವರು ಮೆಲ್ಲಗೆ. ಡಾಕ್ಟರು ನಮ್ಮವರ ಕಡೆ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು.

ಅತ್ತೆ ಮಗನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ತೊದಲುವ ನಾಲಿಗೆಯನ್ನು ಕಷ್ಟಪಟ್ಟು ತಿರುಗಿಸಿ ಮೂರು ಹೆಸರುಗಳನ್ನು ಹೇಳಿದರು. ಮೊದಲು ದೊಡ್ಡವಳದು, ಆಮೇಲೆ ಮಗನದು, ಆಮೇಲೆ ಚಿಕ್ಕವಳದು.

ನಮ್ಮವರು ನನ್ನ ಕಡೆ ತಿರುಗಿ, "ಮೊದಲು ಹೇಳಿದ್ದು ಯಾರ ಹೆಸರು?" ಎಂದು ಕೇಳಿದರು.

"ನಮ್ಮ ದೊಡ್ಡವಳದು" ಎಂದೆ.

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಬೆನ್ನು ನಮ್ಮ ಕಡೆ ಇತ್ತು. ಕನ್ನಡಕ ಒರೆಸಿಕೊಂಡು ವಾಪಸು ಬಂದವರು ಡಾಕ್ಟರಿಗೆ ಹೇಳಿದರು: "ಮೂವರೇ. ಅಮ್ಮ ಹೇಳಿದ್ದು ಸರಿ." ಅತ್ತೆ ಕಣ್ಣು ಮುಚ್ಚಿಕೊಂಡರು, ಕೆಲಸ ಮುಗಿಯಿತು ಎನ್ನುವ ಹಾಗೆ.

ಅದೇ ವಾರ ಅತ್ತೆ ಹೋದರು. ಈಗ ಯಾರಾದರೂ ಮಕ್ಕಳು ಎಷ್ಟು ಎಂದು ಕೇಳಿದರೆ ನಾವಿಬ್ಬರೂ ಮೂರು ಎನ್ನುತ್ತೇವೆ. ಎಲ್ಲರೂ ಎಲ್ಲೆಲ್ಲಿ ಇದ್ದಾರೆ ಎಂದು ಮುಂದುವರಿಸಿ ಕೇಳುವವರೂ ಇರುತ್ತಾರೆ. ಮಗನ ಊರು ಹೇಳುತ್ತೇನೆ, ಚಿಕ್ಕವಳ ಊರು ಹೇಳುತ್ತೇನೆ. ದೊಡ್ಡವಳು ಅಜ್ಜಿಯ ಹತ್ತಿರ ಇದ್ದಾಳೆ ಎನ್ನುತ್ತೇನೆ.