ತಿರುಗಿ ಹೋದ ಬುತ್ತಿ

1941ರ ಫೆಬ್ರವರಿಯಲ್ಲಿ ನನ್ನ ಹೆಂಡತಿ ಸಾವಿತ್ರಿಯ ತಾಯಿ ನಂಜನಗೂಡಿನಲ್ಲಿ ತೀರಿಕೊಂಡರು. ತಂತಿ ಹಾವೇರಿಗೆ ಬಂದು, ಅಲ್ಲಿಂದ ಹಾನಗಲ್ಲಿಗೆ ಬಂದು ನಮ್ಮ ಕೈಸೇರುವಷ್ಟರಲ್ಲಿ ನಂಜನಗೂಡಿನಲ್ಲಿ ದಹನ ಮುಗಿದುಹೋಗಿತ್ತು. ಅದೇ ಸಂಜೆ ಎದುರುಮನೆಯ ಗಂಗವ್ವ ಓಣಿಯ ಕೆಲವು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಯಾರನ್ನೂ ಕೇಳದೆ ಪಡಸಾಲೆಯಲ್ಲಿ ಕುಳಿತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಳತೊಡಗಿದಳು. ಆ ಅಳುವಿಗೆ ರಾಗವಿತ್ತು, ಮಾತಿತ್ತು. ತಾನು ಎಂದೂ ಕಾಣದ ನನ್ನ ಅತ್ತೆಯವರನ್ನು ‘ಎವ್ವಾ’ ಎಂದು ಕರೆದು, ಮಗಳ ಮಾರಿ ನೋಡದೆ ಹೇಗೆ ಹೋದೆ ಎಂದು ಕೇಳುತ್ತಿದ್ದಳು. ಸಾವಿತ್ರಿ ನಡುಮನೆಯ ಬಾಗಿಲಲ್ಲಿ ನಿಂತು, ಬೇರೆ ಯಾರದೋ ಮನೆಯ ಸುದ್ದಿ ಕೇಳುವವಳಂತೆ ಅದನ್ನು ನೋಡುತ್ತಿದ್ದಳು.

ನಾವು ಮೈಸೂರು ಬಿಟ್ಟು ಬಂದು ಆಗ ವರ್ಷವೂ ಆಗಿರಲಿಲ್ಲ. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಹಾನಗಲ್, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳ ಸುದ್ದಿಯನ್ನೂ ನವಾಬರ ಸವಣೂರಿನ ಸುದ್ದಿಯನ್ನೂ ಬರೆದು ಕಳಿಸುವುದು ನನ್ನ ಕೆಲಸ. ಬಾಡಿಗೆಗೆ ಹಂಚಿನ ಮನೆ ಸಿಕ್ಕಿತು. ನನ್ನ ತಾಯಿ ಜೊತೆಗೆ ಬಂದರು. ಇದೂ ಕನ್ನಡವೇ ಆದರೂ ಮೊದಲ ತಿಂಗಳು ಸಾವಿತ್ರಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅವಳ ಮಾತು ಕೇಳಲೆಂದೇ ಗಂಗವ್ವ ಬಾವಿಕಟ್ಟೆಯಲ್ಲಿ ತಡೆದು ನಿಲ್ಲಿಸುತ್ತಿದ್ದಳು. ನೀವು ಮಾತಾಡಿದರೆ ಕೂಸಿಗೆ ಜೋಗುಳ ಹಾಡಿದಂತಾಗುತ್ತದೆ, ಬೈದರೂ ತಿಳಿಯುವುದಿಲ್ಲ ಎಂದು ನಗುತ್ತಿದ್ದಳು. ಊರಿನಲ್ಲಿ ನಮಗೆ ದೊರೆತ ಮೊದಲ ಗೆಳೆತನ ಅದು.

ಸಾವಿನ ಸುದ್ದಿ ಬಂದರೆ ನಮ್ಮ ಮೈಸೂರಿನ ಕಡೆ ಏನು ಮಾಡುತ್ತೇವೆಂದು ಆ ಕಡೆಯವರಾದ ನಿಮಗೆ ಗೊತ್ತು. ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಮದುವೆಯಾದ ಮಗಳು ಮೂರು ದಿನ ಸೂತಕವೆಂದು ದೂರ ಕೂರುತ್ತಾಳೆ. ನೆರೆಯವರು ಬಾಗಿಲವರೆಗೆ ಬಂದರೂ ಮುಟ್ಟದೆ, ದನಿ ತಗ್ಗಿಸಿ ಎರಡು ಮಾತಾಡಿ ಹೋಗುತ್ತಾರೆ. ಅಳಬೇಕೆನ್ನಿಸಿದವರು ಹಿತ್ತಲಿಗೆ ಹೋಗುತ್ತಾರೆ. ಇಲ್ಲಿ ಹಾಗಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಓಣಿಯವರು ರೊಟ್ಟಿ, ಪಲ್ಯ ಕಟ್ಟಿಕೊಂಡು ಬರುತ್ತಾರೆ. ಅದು ಬುತ್ತಿ. ಹೀಗೆ ಹೋಗುವುದನ್ನು ‘ಮಾತಾಡ್ಸಿ ಬರೂದು’ ಎನ್ನುತ್ತಾರೆ. ಆದರೆ ಹೋದವರು ಮೊದಲು ಮಾಡುವುದು ಅಳುವುದು, ಅದೂ ಗಟ್ಟಿಯಾಗಿ.

ಆ ಸಂಜೆ ನಮಗೆ ಇದೊಂದೂ ತಿಳಿದಿರಲಿಲ್ಲ. ಅಳು ಒಂದಿಷ್ಟು ಇಳಿದ ಮೇಲೆ ಗಂಗವ್ವ ಬಟ್ಟೆಯ ಗಂಟನ್ನು ಮುಂದಿಟ್ಟಳು. ನನ್ನ ತಾಯಿ ಒಳಗಿನಿಂದ ಬಂದು, ಕೈ ಅಡ್ಡ ಹಿಡಿದರು.

“ನಮಗೆ ಸೂತಕ ಕಣಮ್ಮ. ನೀವು ತಂದದ್ದು ನಾವು ಮುಟ್ಟೋ ಹಾಗಿಲ್ಲ. ಸಾವಾಗಿರೋದೂ ನಂಜನಗೂಡಲ್ಲಿ, ಇಲ್ಲಲ್ಲ.”

ಗಂಗವ್ವ ಸಾವಿತ್ರಿಯ ಕಡೆ ನೋಡಿದಳು. “ಮಗಳು ಇಲ್ಲೇ ಅದಾಳಲ್ರೀ” ಎಂದಳು.

ತಾಯಿ ಅಡ್ಡ ಹಿಡಿದ ಕೈ ಇಳಿಸಲಿಲ್ಲ. ಹೆಂಗಸರು ಗಂಟುಗಳನ್ನು ಎತ್ತಿಕೊಂಡು ಎದ್ದರು. ಸಾವಿನ ಮನೆಗೆ ಒಯ್ದ ಬುತ್ತಿಯನ್ನು ತಿರುಗಿ ಮನೆಯೊಳಗೆ ತರುವ ಪದ್ಧತಿ ಇಲ್ಲಿಲ್ಲ. ರೊಟ್ಟಿಗಳನ್ನು ಓಣಿಯ ಕೊನೆಯಲ್ಲಿ ದನಗಳಿಗೆ ಹಾಕಿದರಂತೆ. ಮರುದಿನದಿಂದ ಬಾವಿಕಟ್ಟೆಯಲ್ಲಿ ಸಾವಿತ್ರಿಯನ್ನು ಯಾರೂ ಮಾತಾಡಿಸಲಿಲ್ಲ.

ಸೂತಕ ಕಳೆಯಿತು. ಸಾವಿತ್ರಿ ಅಳಲಿಲ್ಲ. ಅಮ್ಮ ಇಷ್ಟು ಹೊತ್ತಿಗೆ ಹಾಲು ಕಾಯಿಸುತ್ತಿರುತ್ತಾಳೆ, ಅಮ್ಮನಿಗೆ ಈ ಮೆಣಸಿನಕಾಯಿ ಖಾರವಾದೀತು ಎಂದು ಎಂದಿನಂತೆ ಮಾತಾಡುತ್ತಿದ್ದಳು. ತಂತಿಯ ವಿಷಯ ಎತ್ತಿದರೆ ಎದ್ದುಹೋಗುತ್ತಿದ್ದಳು. ಊಟ ಕಡಿಮೆಯಾಗುತ್ತ ಬಂದು, ಕೊನೆಗೆ ಮಜ್ಜಿಗೆಗೆ ನಿಂತಿತು. ದವಾಖಾನೆಯ ಡಾಕ್ಟರು ಪುಡಿ ಕೊಟ್ಟು, ಹೀಗೇ ಮುಂದುವರಿದರೆ ಜೀವಕ್ಕೆ ಒಳ್ಳೆಯದಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ತವರಿಗೆ ಕಳಿಸೋಣವೆಂದರೆ, ಹೋಗಿ ಮಾಡುವುದೇನು, ಅಮ್ಮನೇ ಬೇಸಿಗೆಗೆ ಬಾ ಅಂದಿದ್ದಾಳೆ ಎಂದು ಅವಳೇ ಒಲ್ಲೆನೆಂದಳು.

ಸವಣೂರಿಗೆ ಕೆಲಸದ ಮೇಲೆ ಹೋದಾಗ ಎಲೆ ವ್ಯಾಪಾರದ ಒಬ್ಬ ಮುಸಲ್ಮಾನ ಹಿರಿಯರ ಅಂಗಡಿಯಲ್ಲಿ ಈ ಸಂಗತಿ ಬಂತು. ಅವರು ಕಟ್ಟುತ್ತಿದ್ದ ವೀಳ್ಯದ ಕಟ್ಟನ್ನು ಕೆಳಗಿಟ್ಟರು. “ಸತ್ತ ಮನ್ಯಾಗ ಒಲಿ ಹಚ್ಚೂದಿಲ್ರಿ ರಾಯರ. ನಮ್ಮಲ್ಲೂ ಹಂಗ, ಅವರಲ್ಲೂ ಹಂಗ. ಬುತ್ತಿ ಒಲ್ಲೆ ಅಂದ್ರ, ನೀವು ನಮಗ ಯಾರೂ ಅಲ್ಲ ಅಂದಂಗ.”

ಊರಿಗೆ ಮರಳಿದವನು ಗಂಗವ್ವನ ಗಂಡ ಚನ್ನಬಸಪ್ಪನಿಗೆ ನಮ್ಮ ಸೂತಕದ ಪದ್ಧತಿಯನ್ನು ವಿವರಿಸಿದೆ. ಅವನು ಪೂರ್ತಿ ಕೇಳಿದ. ಹೆಂಡತಿಗೆ ತಿಳಿಸುತ್ತೇನೆ, ಆದರೆ ಅವಳು ನಿಮ್ಮ ಹೊಸ್ತಿಲು ತುಳಿಯುತ್ತಾಳೆಂದು ನಂಬಬೇಡಿ ಎಂದ. ಅವಳು ತುಳಿಯಲೂ ಇಲ್ಲ.

ಯುಗಾದಿ ಕಳೆದ ಮೇಲೆ ಗಂಗವ್ವನ ಸೋದರತ್ತೆ ಅಬಲೂರಿನಲ್ಲಿ ತೀರಿಕೊಂಡಳು. ಮಣ್ಣು ಮಾಡುವ ಹೊತ್ತಿಗೆ ಚನ್ನಬಸಪ್ಪನೊಬ್ಬನೇ ಹೋಗಿ ಬಂದಿದ್ದ. ಮಾತಾಡಿಸಿ ಬರಲು ಓಣಿಯ ಹೆಂಗಸರು ಬೆಳಗಿನ ಜಾವ ಗಾಡಿ ಕಟ್ಟಿಸಿದರು. ಎತ್ತಿನ ಕೊರಳಗಂಟೆ ಕೇಳಿ ಸಾವಿತ್ರಿ ಹೊರಗೆ ಬಂದು ಗಾಡಿಯ ಹಿಂದೆ ನಿಂತಳು.

“ನಾನೂ ಬರಲಾ?”

“ಅಲ್ಲಿ ನಿನಗ ಯಾರದಾರ?” ಗಂಗವ್ವನ ದನಿಯಲ್ಲಿ ಕೊಂಕಿತ್ತು.

“ಯಾರೂ ಇಲ್ಲ.”

ಗಂಗವ್ವ ಬುತ್ತಿಯ ಗಂಟನ್ನು ತೊಡೆಯ ಮೇಲೆ ತೆಗೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು. “ಹತ್ತು” ಎಂದಳು.

ನನ್ನ ತಾಯಿ ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಕೂಗಿದರು. ಸಾವಿತ್ರಿ ಇಳಿಯಲಿಲ್ಲ. ಹಿಂದೆಯೇ ಗಂಡಸರ ಇನ್ನೊಂದು ಗಾಡಿ ಹೊರಟಿತ್ತು, ನಾನು ಅದರಲ್ಲಿ ಹೋದೆ.

ಅಬಲೂರಿನಲ್ಲಿ ಹೆಂಗಸರು ಒಳಗೆ ಹೋದರು. ನಾವು ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಒಳಗೆ ಅಳು ಎದ್ದಿತು. ಮೊದಲು ಸತ್ತ ಮುದುಕಿಯ ಹೆಸರು ಕೇಳಿಸಿತು. ಆಮೇಲೆ ಬೇರೆ ಬೇರೆ ಹೆಸರುಗಳು. ಒಬ್ಬಳು ತೀರಿಹೋದ ಮಗನನ್ನು ಕರೆಯುತ್ತಿದ್ದಳು, ಇನ್ನೊಬ್ಬಳು ತಂಗಿಯನ್ನು. ಇದೇನೆಂದು ಕೇಳಿದ್ದಕ್ಕೆ, ಅವರವರ ಸತ್ತವರನ್ನು ನೆನೆದು ಅಳುತ್ತಾರೆ, ಅದು ಇದ್ದದ್ದೇ ಎಂದು ಚನ್ನಬಸಪ್ಪ ಹೇಳಿದ. ಅಷ್ಟರಲ್ಲಿ ಎಲ್ಲ ದನಿಗಳ ನಡುವೆ ಮೈಸೂರು ಕನ್ನಡದ ಒಂದು ದನಿ ಬೇರೆಯಾಗಿ ಕೇಳಿತು. ಅದಕ್ಕೆ ರಾಗವಿರಲಿಲ್ಲ.

“ಅಮ್ಮಾ, ಬೇಸಿಗೆಗೆ ಬರ್ತೀನಿ ಅಂದಿದ್ದೆನಲ್ಲೇ. ಕಾಯಬಾರದಿತ್ತಾ.”

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಅತ್ತ ಕಿವಿಗೊಟ್ಟು, “ಯಾರ್ರೀ ಆಕಿ? ಈ ಕಡ್ಯಾಕಿ ಅಲ್ಲ” ಎಂದ.

ಚನ್ನಬಸಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತಲಿಲ್ಲ. “ನಮ್ಮ ಓಣ್ಯಾಕಿ” ಎಂದ.

ಅಳು ಬಹಳ ಹೊತ್ತು ನಡೆಯಿತು. ಬುತ್ತಿ ಬಿಚ್ಚಿದಾಗ ಗಂಗವ್ವ ರೊಟ್ಟಿ ಮುರಿದು ಸಾವಿತ್ರಿಯ ಕೈಗಿಟ್ಟಳಂತೆ, ಅವಳು ಉಂಡಳು. ಮರಳಿ ಬರುವಾಗ ಅವಳ ಕಣ್ಣುಗಳು ಬಾತಿದ್ದವು. ಗಾಡಿಯಲ್ಲೇ ನಿದ್ದೆ ಹೋಗಿದ್ದಳು.

ಸಾವಿನ ಮನೆಯಲ್ಲಿ, ಬೇರೆ ಜಾತಿಯವರ ಕೈಯಿಂದ ಉಂಡೆಯಾ ಎಂದು ಮನೆಯಲ್ಲಿ ತಾಯಿ ಕೇಳಿದರು. ಅವಳು ಉಂಡೆನೆಂದೇ ಹೇಳಿದಳು. ಆವತ್ತಿನಿಂದ ತಾಯಿ ಅವಳ ಕೈಯ ಅಡುಗೆ ಮುಟ್ಟಲಿಲ್ಲ. ಸೊಸೆಯ ಸಂಕಟ ಅವರಿಗೆ ತಿಳಿಯದೆಂದಲ್ಲ. ಅವಳು ಉಣ್ಣತೊಡಗಿದ್ದನ್ನು ನೋಡಿ ದೇವರಿಗೆ ತುಪ್ಪದ ದೀಪ ಹಚ್ಚಿದವರೂ ಅವರೇ.

ಮರುವರ್ಷ ತನ್ನ ತಾಯಿಯ ವರ್ಷಾಂತಿಕಕ್ಕೆ ಸಾವಿತ್ರಿ ನಂಜನಗೂಡಿಗೆ ಹೋದಳು. ತವರಿನ ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಅತ್ತಾಗ, ಪಿಂಡದ ಹೊತ್ತಿನಲ್ಲಿ ಇದೇನು ಎಂದು ಅಣ್ಣ ಗದರಿಸಿದನಂತೆ. ಹಿತ್ತಲಿಗೆ ಹೋಗೆಂದು ಅತ್ತಿಗೆ ಕೈಹಿಡಿದು ಎಬ್ಬಿಸಿದಳಂತೆ. ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲೇ ಹೊರಟು ಬಂದಳು. ಕರೆತರಲು ಹೋಗಿದ್ದ ನಾನು, ಹಾವೇರಿ ಸ್ಟೇಶನ್ನಿನಲ್ಲಿ ಅವಳು ಇಳಿದಾಗ, ಊರಿಗೆ ಬಂದೆಯಾ ಎಂದು ಕೇಳಿದೆ. ಯಾವ ಊರಿಗೆ ಎಂದು ಕೇಳಿದಳು.

ಇದನ್ನು ಬರೆಯುವ ಹೊತ್ತಿಗೆ ಹಾನಗಲ್ಲಿನ ನಮ್ಮ ಮನೆಯಲ್ಲಿ ಎರಡು ಒಲೆಗಳಿವೆ. ಒಳಗಿನದರಲ್ಲಿ ತಾಯಿ ತಾವೇ ಬೇಯಿಸುತ್ತಾರೆ. ಹಿತ್ತಲಿನ ಒಲೆ ಸಾವಿತ್ರಿಯದು. ನಾನು ಹಗಲು ಒಳಗೆ, ರಾತ್ರಿ ಹಿತ್ತಲಿನಲ್ಲಿ ಉಣ್ಣುತ್ತೇನೆ.