ಹೆಸರಿಲ್ಲದ ನಂಬರ್

ಇವತ್ತು ಬೆಳಿಗ್ಗೆಯಿಂದ ನಮ್ಮ ಹೊಳಲ್ಕೆರೆ ಆಫೀಸಿನಿಂದ ಕಳಿಸಿದ ಮೇಲ್‌ಗಳೆಲ್ಲ ವಾಪಸ್ ಬಂದವು, ಗೆಳೆಯರೇ. ಚಿಕ್ಕಜಾಜೂರಿನಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿದೆ. ಬಂದರಿನವರಿಗೆ ಕಾಗದ ತಲುಪದೆ ಅದು ಹೊರಡುವಂತಿಲ್ಲ. ಮ್ಯಾನೇಜರ್ ತಿಪ್ಪೇಸ್ವಾಮಿ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಏನಪ್ಪ ಇದು?"

"ನಮ್ಮ ಸರ್ವರಿನ ಹೆಸರು ಹೇಳಿದ್ರೆ ನಂಬರ್ ಸಿಗ್ತೈತೆ ಸಾರ್. ನಂಬರ್ ಹೇಳಿದ್ರೆ ಹೆಸರು ಸಿಗಬೇಕಲ್ಲ, ಆ ರಿವರ್ಸ್ ಲುಕಪ್ ನಮ್ಮಲ್ಲಿಲ್ಲ. ಹೆಸರು ಗೊತ್ತಾಗದ ನಂಬರಿಂದ ಬಂದ ಮೇಲ್‌ನ ಬಂದರಿನವರು ತಗಣಲ್ಲ."

"ಎಂಥ ಸೊಕ್ಕಪ್ಪ ಅವರಿಗೆ! ತೆಗೆದು ನೋಡಿದ್ರೆ ಗೊತ್ತಾಗಲ್ವೇನು ಯಾರು ಅಂತ?"

ನಾನು ಹೆಸರು-ನಂಬರುಗಳ ಪಟ್ಟಿ ಇರುವ ಡಿಎನ್‌ಎಸ್ ಸರ್ವರಿನಲ್ಲಿ ನಂಬರಿನ ಮುಂದೆ ಹೆಸರು ಬರೆದು ಮುಗಿಸಿದೆ. ಇನ್ನು ಇಂಟರ್ನೆಟ್ ಲೈನ್ ಕೊಟ್ಟ ಕಂಪನಿಯವರು ತಮ್ಮ ಕಡೆಯಿಂದ ಜೋಡಿಸಬೇಕು. ಅವರಿಗೆ ದೂರು ಕೊಟ್ಟೆ; ಜೋಡಿಸುವ ಮೊದಲು ಮ್ಯಾನೇಜರಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತೇವೆ ಎಂದರು.

ತಿಪ್ಪೇಸ್ವಾಮಿಯವರ ಮೊಬೈಲ್ ರಿಂಗಾಯಿತು. ನೋಡಿ ಕಟ್ ಮಾಡಿದರು. ಮತ್ತೆ ರಿಂಗಾಯಿತು.

"ಎತ್ರಿ ಸಾರ್, ಲೈನಿನವರೇ ಇರಬೇಕು."

"ಅವರಾಗಿದ್ರೆ ಹೆಸರು ಬರ್ತಿತ್ತು. ಇದು ಬರೀ ನಂಬರ್ ಐತೆ. ಯಾರೋ ಏನೋ, ಅಂಥವನ್ನ ನಾನು ಎತ್ತಲ್ಲ" ಎಂದು ಅದನ್ನೂ ಕಟ್ ಮಾಡಿದರು.

ಸ್ವಲ್ಪ ಹೊತ್ತಿಗೆ ಲೈನಿನವರ ಮೇಲ್ ಬಂತು: ಎರಡು ಸಲ ಕರೆ ಮಾಡಿದೆವು, ಗ್ರಾಹಕರು ಸ್ವೀಕರಿಸಲಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ.

ತಿಪ್ಪೇಸ್ವಾಮಿ ಬಗ್ಗಿ ಓದಿದರು. "ನೋಡು, ಮೇಲ್ ಬರೋದು ಸರಿಯಾಗೇ ಐತೆ" ಎಂದರು.

ಗಾಡಿ ಇನ್ನೂ ಚಿಕ್ಕಜಾಜೂರಿನಲ್ಲೇ ಇದೆ. ನಮ್ಮ ಆಫೀಸಿನಲ್ಲಿ ರಿವರ್ಸ್ ಲುಕಪ್ ಸದ್ಯಕ್ಕೆ ಕೆಲಸ ಮಾಡುತ್ತಿರುವುದು ತಿಪ್ಪೇಸ್ವಾಮಿಯವರ ಜೇಬಿನ ಮೊಬೈಲಿನಲ್ಲಿ ಮಾತ್ರ.